ಗೊಂಪಾದ ಗೋಡೆಚಿತ್ರ, ಥಂಕಾ ಸಂರಕ್ಷಣೆ: ಕಲಿಕೆ ಎಲ್ಲಿಂದ ಸುರು?

ಕುಂಬಳೆ ಕೆಮಿಸ್ಟ್ರಿ:
ಲಡಾಖ್, ಹಿಮಾಚಲದ ಸ್ಪಿತಿಯ ಗೊಂಪಾಗಳ (ಬೌದ್ಧ ಮಠಗಳ) ಗೋಡೆಚಿತ್ರ, ಥಂಕಾ (ಸುತ್ತಿಡುವ ಬಟ್ಟೆಯ ಚಿತ್ರ) ಸಂರಕ್ಷಣೆ ಕಲಿಯುವ ಆಸೆ. ಬಿ.ಎಸ್ಸಿ. ಕೆಮಿಸ್ಟ್ರಿ ಆಗಿದೆ. ಕಾಸರಗೋಡಿನಲ್ಲೇ ಅಭ್ಯಾಸಕ್ಕೆ ಮುರಕಲ್ಲಿನ ಗೋಡೆಗೆ ಸುಣ್ಣದ ಗಾರೆ ಬಳಿದು, ಹಸಿ ಇರುವಾಗಲೇ ಬಣ್ಣ ಹಾಕಿ ನೋಡಬಹುದಾ?

ಬೈಹುಲ್ಲು:
ಅದು ಬೇರೆಯೇ ಜಾತಿ ಮಾರಾಯ್ರೆ. ಹಸಿ ಗಾರೆಯಲ್ಲಿ ಬಣ್ಣ ಹಿಡಿಯುವುದು ಸುಣ್ಣ. 996ರಲ್ಲಿ ಕಟ್ಟಿದ ಸ್ಪಿತಿಯ ತಾಬೋ ಗೊಂಪಾದಲ್ಲಿ ಮಣ್ಣಿನ ಗಿಲಾವು, ಮೇಲೆ ತೆಳು ಬಿಳಿ ಲೇಪ, ಅದು ಒಣಗಿದ ಮೇಲೆ ಅಂಟು ಬೆರೆಸಿದ ಬಣ್ಣ. ನೀರು ತಾಗಿದರೆ ಆ ಅಂಟು ಬಿಡುತ್ತದೆ. ಮಣ್ಣಿನ ಮಾಡು ಸೋರಿದರೆ ಮೊದಲು ಕಂದು ಗೆರೆ ಇಳಿಯುತ್ತದೆ, ಆಮೇಲೆ ಗಿಲಾವು ಗೋಡೆ ಬಿಟ್ಟು ಉಬ್ಬುತ್ತದೆ. ಹಾಗಾಗಿ ಮೊದಲು ಮಾಡಿನ ರಿಪೇರಿ, ಆಮೇಲೆ ಚಿತ್ರ.

ಅಭ್ಯಾಸಕ್ಕೆ ಒಂದಡಿ ಚದರದ ಮಣ್ಣಿನ ಫಲಕ ಮಾಡಿ. ಜರಡಿ ಹಿಡಿದ ಮಣ್ಣು 1 ಪಾಲು, ಮರಳು 2 ಪಾಲು, ಸಣ್ಣಗೆ ಕೊಚ್ಚಿದ ಬೈಹುಲ್ಲು. ಬಿರುಕು ಬಿಟ್ಟರೆ ಮರಳು ಹೆಚ್ಚಿಸಿ, ಕೈಗೆ ಉದುರಿದರೆ ಮಣ್ಣು. ಮೆತ್ತುವಾಗ ನಡುವೆ ಪ್ಲಾಸ್ಟಿಕ್ ತುಂಡು ಇಟ್ಟರೆ ಬೇಕೆಂದೇ ಪೊಳ್ಳು ಸಿಗುತ್ತದೆ. ಬೆರಳ ಗೆಣ್ಣಿನಿಂದ ಮೆಲ್ಲ ತಟ್ಟಿ, ಸದ್ದು ಬದಲಾದಲ್ಲಿ ನಕ್ಷೆಯಲ್ಲಿ ಗುರುತು ಹಾಕಿ. ಅಂಚಿನ ಬಿರುಕು ಮುಚ್ಚಿ, ಸಿರಿಂಜಿನಲ್ಲಿ ಪೊಳ್ಳಿನೊಳಗೆ ಸ್ಪಿರಿಟ್ ಬೆರೆಸಿದ ನೀರು ಸ್ವಲ್ಪ, ಆಮೇಲೆ ನುಣ್ಣನೆ ಮಣ್ಣಿನ ತೆಳು ಕೆಸರು ಬಿಡಿ. ಒಂದೇ ಸಲ ಹೆಚ್ಚು ತುಂಬಿದರೆ ಭಾರಕ್ಕೆ ಪದರವೇ ಕಳಚುತ್ತದೆ. ಹತ್ತಿ ಸುತ್ತಿದ ಹಲಗೆ ಒತ್ತಿ ಆನಿಸಿ, ಒಣಗುವವರೆಗೆ ಬಿಡಿ. ಸಿಮೆಂಟ್ ಬೇಡವೇ ಬೇಡ: ಲವಣ ತರುತ್ತದೆ, ತೇವ ಹೊರಬರಲು ಬಿಡುವುದಿಲ್ಲ.

ಸೂಜಿಮೊನೆ:
ಕೋರ್ಸ್ ಬೇಕಾದರೆ ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯ ನೋಡಿ. ಅದರ ಪ್ರಾದೇಶಿಕ ಶಾಖೆ ಮೈಸೂರಿನಲ್ಲೇ ಇದೆ. ಎಂ.ಎ. ಬೇಕಿದ್ದರೆ ನೋಯ್ಡಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್.

ಥಂಕಾ ಹಿಡಿಯುವ ಮುಂಚೆ ಹಿಂಬದಿ ನೋಡಿ. ದೇವತೆಯ ಹಣೆ, ಗಂಟಲು, ಎದೆಯ ನೇರಕ್ಕೆ ‘ಓಂ ಆಃ ಹೂಂ’ ಬರೆದಿರುವುದುಂಟು. ಬಟ್ಟೆ ಗಟ್ಟಿಯಾಗಲಿ ಎಂದು ಹಿಂದೆ ಇನ್ನೊಂದು ಬಟ್ಟೆ ಅಂಟಿಸಿದರೆ ಪ್ರತಿಷ್ಠೆಯ ಗುರುತೇ ಮುಚ್ಚಿಹೋಯಿತು. ಮೂರ್ತಿಯ ಅಡಿಯ ಮುಚ್ಚಳವೂ ಹಾಗೆಯೇ. ಒಳಗೆ ಮಂತ್ರದ ಸುರುಳಿಗಳಿರುತ್ತವೆ, ಲಾಮಾಗಳು ಹೇಳದೆ ತೆರೆಯಬಾರದು.

ಕುಂಬಳೆ ಕೆಮಿಸ್ಟ್ರಿ:
ಬೆಣ್ಣೆ ದೀಪದ ಮಸಿ? ನಮ್ಮ ಮಳೆಗಾಲದಲ್ಲಿ ಥಂಕಾ ಸುತ್ತಿಡುವುದಾ?

ಸೂಜಿಮೊನೆ:
ಬಣ್ಣ ಗಟ್ಟಿ ಇರುವಲ್ಲಿ ಮಾತ್ರ, ಮಸಿ ತೆಗೆಯುವ ಒಣ ರಬ್ಬರ್ ಸ್ಪಂಜನ್ನು ಒತ್ತಿ ಎತ್ತಿ, ಉಜ್ಜಬೇಡಿ. ಒದ್ದೆ ಹತ್ತಿ ತಾಗಿಸಿದರೆ ಮಸಿಯ ಜೊತೆ ಬಣ್ಣವೂ ಬಂತು. ಸುತ್ತಿ ಬಿಚ್ಚಿ ಮಾಡಿದಷ್ಟೂ ಅಡ್ಡ ಬಿರುಕು. ಚಪ್ಪಟೆಯಾಗಿ ಇಡಿ, ಆಗದಿದ್ದರೆ ದಪ್ಪ ಕೊಳವೆಗೆ, ಚಿತ್ರ ಹೊರಮುಖವಾಗಿ, ಸಡಿಲ ಸುತ್ತು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಆಟಿ ತಿಂಗಳು ಮುಗಿಯುವುದರೊಳಗೆ ಬೂಸ್ಟು.