ಸ್ಪಂಜನ್ನು ‘ಹಿಂಡು’ ಅನ್ನುವುದೋ, ‘ಅಮುಕು’ ಅನ್ನುವುದೋ?

ಬಲ್ಲವರಲ್ಲಿ ಒಂದು ವಿಚಾರಣೆ.

ಶಿರಸಿಯಲ್ಲಿ ನಮ್ಮ ಭಾವನ ಗ್ಯಾರೇಜಿದೆ. ಗುಡ್ಡ, ಹಳ್ಳ, ಕಾಡುದಾರಿ ಎನ್ನದೆ ಓಡುವ ಡರ್ಟ್ ಬೈಕುಗಳು ಈಚೆಗೆ ಅಲ್ಲಿಗೆ ಜಾಸ್ತಿ ಬರುತ್ತಿವೆ. ಅವುಗಳ ಏರ್ ಫಿಲ್ಟರ್ ತೊಳೆದು ಕೂರಿಸುವ ಕ್ರಮವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಡು, ಹೊಸ ಹುಡುಗರ ಕಣ್ಣಿಗೆ ಬೀಳುವ ಹಾಗೆ ಗೋಡೆಗೆ ಅಂಟಿಸುತ್ತೇನೆ ಎಂದು ಭಾವ ಕೇಳಿದ್ದಾನೆ. ವಸ್ತುವಿನ ಹೆಸರಿನ ಬಗ್ಗೆ ನನಗೆ ತಕರಾರಿಲ್ಲ. ‘ವಾಯುಶೋಧಕ’ ಎಂದು ಬರೆದರೆ ಹುಡುಗರು ಅದನ್ನು ಗಾಡಿಯ ಯಾವ ಮೂಲೆಯಲ್ಲೂ ಹುಡುಕಲಾರರು. ‘ಏರ್ ಫಿಲ್ಟರ್’ ಹಾಗೇ ಇರಲಿ. ತೊಡಕಿರುವುದು ಕ್ರಿಯಾಪದಗಳಲ್ಲಿ. ಇಲ್ಲಿ ಕ್ರಿಯಾಪದ ತಪ್ಪಿದರೆ ಸಾಮಾನು ಹರಿಯುತ್ತದೆ.

ಹೇಗೆಂದು ತಿಳಿಯಲು ವಸ್ತುವಿನ ಪರಿಚಯ ಬೇಕು. ಹಿಮಾಲಯನ್, ಎಕ್ಸ್‌ಪಲ್ಸ್‌ನಂಥ ಗಾಡಿಗಳಿಗೆ ಕಂಪನಿಯಿಂದ ಬರುವುದು ಮಡಿಕೆ ಮಡಿಕೆಯಾಗಿರುವ ಕಾಗದದ ಫಿಲ್ಟರ್. ಅದನ್ನು ನೀರಿಗೆ ಹಾಕಿ ತೊಳೆಯುವುದಿಲ್ಲ, ಕಟ್ಟಿಕೊಂಡರೆ ಹೊಸತು ಹಾಕುವುದೇ. ಅಪ್ಪಟ ಡರ್ಟ್ ಬೈಕಿನದು ಸ್ಪಂಜು. ಹೆಚ್ಚಿನವುಗಳಲ್ಲಿ ಎರಡು ಪದರ: ಹೊರಗಿನದರ ತೂತು ದೊಡ್ಡದು, ಒಳಗಿನದರದ್ದು ಸಣ್ಣದು, ಎರಡನ್ನೂ ಅಂಟು ಹಾಕಿ ಕೂಡಿಸಿರುತ್ತಾರೆ. ಸಣ್ಣ ಧೂಳನ್ನು ಹಿಡಿದು ನಿಲ್ಲಿಸುವುದು ಅದರೊಳಗೆ ಸೇರಿಸಿದ ಅಂಟಂಟು ಎಣ್ಣೆ. ಬೇಸಿಗೆಯಲ್ಲಿ ದೇವಿಮನೆ ಘಟ್ಟದ ಕಡೆಯ ಮಣ್ಣುದಾರಿ ಸುತ್ತಿ ಬಂದ ಗಾಡಿಯ ಫಿಲ್ಟರ್ ತೆಗೆದು ನೋಡಿ. ಹೊರಮೈಗೆ ಕೆಮ್ಮಣ್ಣು ಮೆತ್ತಿಕೊಂಡು ಸ್ಪಂಜಿನ ತೂತೇ ಕಾಣುವುದಿಲ್ಲ, ಬೆರಳಾಡಿಸಿದರೆ ಎಣ್ಣೆಯೂ ಮಣ್ಣೂ ಕಲಸಿದ ರಾಡಿ ಬರುತ್ತದೆ. ಒಳಮೈ ಮಾತ್ರ ಚೊಕ್ಕ ಇರಬೇಕು. ಅಲ್ಲೂ ಕೆಂಪು ಕಂಡಿತೆಂದರೆ ಧೂಳು ಎಂಜಿನ್ನಿನ ದಾರಿ ಹಿಡಿದಿದೆ ಎಂದೇ ಅರ್ಥ. ಪಿಸ್ಟನ್ ರಿಂಗು, ಬೋರು ಸವೆಯುವುದು ಹಾಗೆ.

ಇಂಥದ್ದನ್ನು ಫಿಲ್ಟರ್ ಕ್ಲೀನರಿನಲ್ಲೋ ಚಿಮಣಿ ಎಣ್ಣೆಯಲ್ಲೋ ಅದ್ದಿ ಹಳೇ ಎಣ್ಣೆ ಬಿಡಿಸಿ, ಸಾಬೂನು ನೀರಲ್ಲಿ ತೊಳೆದು, ಒಳಗಿನಿಂದ ಹೊರಕ್ಕೆ ನೀರು ಹಾಯಿಸಿ, ಎರಡು ಅಂಗೈಗಳ ನಡುವೆ ಒತ್ತಿ ಒತ್ತಿ ನೀರು ತೆಗೆಯಬೇಕು. ತಿರುಚಬಾರದು. ತಿರುಚಿದರೆ ಅಂಟಿನ ಕೂಡು ಬಿಡುತ್ತದೆ, ಸ್ಪಂಜು ಅಲ್ಲಲ್ಲಿ ಸೀಳುತ್ತದೆ, ಧೂಳಿಗೆ ಹೆಬ್ಬಾಗಿಲು ತೆರೆದ ಹಾಗಾಗುತ್ತದೆ. (ಪೆಟ್ರೋಲಿನಲ್ಲಿ ತೊಳೆಯಬೇಡಿ ಎನ್ನುವುದೂ ಆ ಅಂಟಿನ ಸಲುವಾಗಿಯೇ, ಬೆಂಕಿಯ ಭಯ ಬೇರೆ.) ಈಗ ನಾನು ಹಾಳೆಯಲ್ಲಿ ‘ನೀರು ಹಿಂಡಿ ತೆಗೆಯಿರಿ’ ಎಂದು ಬರೆದೆ ಅಂದುಕೊಳ್ಳಿ. ನಾವು ನಿಂಬೆಹಣ್ಣನ್ನೂ ಹಿಂಡುತ್ತೇವೆ, ಒದ್ದೆ ಪಂಚೆಯನ್ನೂ ಹಿಂಡುತ್ತೇವೆ. ನೀರು, ಸಾಬೂನು, ಬಕೆಟ್ಟು ಇರುವ ಕಡೆ ‘ಹಿಂಡು’ ಕೇಳಿದರೆ ಹುಡುಗನ ಕೈಗೆ ನೆನಪಾಗುವುದು ಪಂಚೆಯೇ. ಎರಡು ತುದಿ ಹಿಡಿದು ಹುರಿ ಮಾಡಿಯೇ ಬಿಡುತ್ತಾನೆ.

ಹಾಗಾದರೆ ಬೇರೆ ಯಾವುದು? ‘ಹಿಸುಕು’ ಅಂದರೆ ಕತ್ತು ಹಿಸುಕಿದ ಹಾಗೆ, ಜೀವ ತೆಗೆಯುವ ಬಲ ಅದರಲ್ಲಿದೆ. ‘ಅದುಮು’ ಅಂದರೆ ಏಳದಂತೆ ಕೆಳಗೆ ಹಿಡಿದಿಡುವುದು. ‘ಒತ್ತು’ ಸರಿ, ಆದರೆ ಬಟನ್ ಒತ್ತುವುದರಿಂದ ಶ್ಯಾವಿಗೆ ಒತ್ತುವುದರ ತನಕ ಎಲ್ಲಕ್ಕೂ ಅದೇ ಆಗಿ ಸಪ್ಪೆಯಾಗಿದೆ. ಭಾವ ಹುಡುಗರಿಗೆ ಹೇಳುವುದು ನಮ್ಮ ಹವ್ಯಕರ ಮಾತಿನಲ್ಲಿ: ‘ಅಪ್ಪೀ, ಹಿಂಡಡ ಮಾರಾಯಾ, ಅಮುಕು ಸಾಕು.’ ನನಗೂ ‘ಅಮುಕು’ ಹಿಡಿಸಿದೆ. ಅಮುಕಿ ಬಿಟ್ಟರೆ ಸ್ಪಂಜು ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ ಎನ್ನುವ ಭಾವನೆ ಆ ಪದದಲ್ಲಿದೆ, ತಿರುಚುವ ಸೋಂಕಿಲ್ಲ. ಕಾರವಾರದ ಕಡೆಯ ಕೊಂಕಣಿಯಲ್ಲಿ ಬಟ್ಟೆ ಹಿಂಡುವುದಕ್ಕೆ ‘ಪಿಳಪ’ ಎನ್ನುತ್ತಾರೆ, ತಿರುಚುವುದು ಅದರ ಹೊಟ್ಟೆಯಲ್ಲೇ ಇದೆ. ಅವರಿಗೆ ‘ಪಿಳಬೇಡ’ ಅಂದರೆ ಸಾಕು. ಕನ್ನಡದಲ್ಲಿ ತಿರುಚಿ ಹಿಂಡುವುದಕ್ಕೇ ಮೀಸಲಾದ ಒಂಟಿ ಪದ ನಿಮ್ಮೂರಲ್ಲಿ ಇದೆಯೇ? ಇದು ಮೊದಲನೆಯ ಪ್ರಶ್ನೆ.

ಎರಡನೆಯದು ಎಣ್ಣೆಯದು. ಸ್ಪಂಜು ಪೂರಾ ಒಣಗಿದ ಮೇಲೆ ಫಿಲ್ಟರ್ ಎಣ್ಣೆ ಹಾಕುತ್ತಾರೆ. ನಮ್ಮ ಮಳೆಗಾಲದಲ್ಲಿ ನೆರಳಲ್ಲಿ ಇಟ್ಟ ಸ್ಪಂಜು ಒಣಗುವುದೆಂದರೆ ತಪಸ್ಸು, ಹಾಗಾಗಿ ತಿಳಿದವರು ಎಣ್ಣೆ ಸೇರಿಸಿದ ಇನ್ನೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟುಕೊಂಡಿರುತ್ತಾರೆ. ‘ಎಣ್ಣೆ ಹಚ್ಚಿ’ ಎಂದು ಬರೆದರೆ ಹೊರಮೈಗೆ ಸವರಿ ಮುಗಿಸುತ್ತಾರೆ. ಬೇಕಾದದ್ದು ಒಂದೊಂದು ತೂತಿಗೂ ಇಳಿಯುವ ಹಾಗೆ ನಾದುವುದು, ಹೆಚ್ಚಾದದ್ದನ್ನು ಮತ್ತೆ ಅಮುಕಿ ತೆಗೆಯುವುದು. ಈ ಎಣ್ಣೆಗೆ ನೀಲಿಯೋ ಕೆಂಪೋ ಬಣ್ಣ ಹಾಕಿರುವುದು ಅದಕ್ಕೇ, ಎಲ್ಲಿ ತಾಗಿಲ್ಲ ಎಂದು ಕಣ್ಣಿಗೆ ಗೊತ್ತಾಗಲಿ ಎಂದು. ‘ಎಣ್ಣೆ ಕುಡಿಸಿ’ ಎಂದು ಬರೆದಿದ್ದೇನೆ. ‘ಊಡಿಸಿ’ ಇನ್ನೂ ಚೆಂದ, ಆದರೆ ಗ್ಯಾರೇಜಿನಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಸ್ಪಂಜು ಕೂರುವ ಅಂಚಿಗೆ ‘ಗ್ರೀಸ್ ಸವರಿ’ ಎನ್ನುವುದಕ್ಕೆ ಯಾರ ಆಕ್ಷೇಪವೂ ಇರಲಾರದು.

‘ಚೋಕ್’ ಇನ್ನೊಂದು ಫಜೀತಿ. ಫಿಲ್ಟರ್ ಕಟ್ಟಿಕೊಂಡರೆ ‘ಚೋಕ್ ಆಗಿದೆ’ ಅನ್ನುತ್ತಾರೆ, ಕಾರ್ಬುರೇಟರಿನ ಗಾಡಿಯನ್ನು ತಣ್ಣಗಿರುವಾಗ ಚಾಲೂ ಮಾಡಲು ಎಳೆಯುವುದೂ ‘ಚೋಕ್’. ಮಜಾ ಎಂದರೆ ಎರಡರ ಪರಿಣಾಮವೂ ಒಂದೇ: ಗಾಳಿ ಕಮ್ಮಿ, ಪೆಟ್ರೋಲು ಜಾಸ್ತಿ, ಪ್ಲಗ್ಗು ಕಪ್ಪು. ಹಾಗಿದ್ದೂ ಬರಹದಲ್ಲಿ ಬೇರೆ ಮಾಡಲೇಬೇಕು, ಇಲ್ಲವಾದರೆ ‘ಚೋಕ್ ಆಗಿದ್ದರೆ ತೊಳೆಯಿರಿ’ ಎಂದು ಓದಿದವನು ಯಾವುದನ್ನು ಬಿಚ್ಚುತ್ತಾನೋ. ‘ಕಟ್ಟಿಕೊಂಡಿದ್ದರೆ’ ಎಂದು ತಿದ್ದಿದ್ದೇನೆ. ಮೂಗು ಕಟ್ಟುವುದು ಎಲ್ಲರಿಗೂ ಗೊತ್ತಿರುವುದೇ. ಫಿಲ್ಟರ್ ಕೂರುವ ಡಬ್ಬಿಗೆ ‘ಗಾಳಿಪೆಟ್ಟಿಗೆ’ ಎಂದು ಬರೆದದ್ದನ್ನು ಮಾತ್ರ ಭಾವ ಹೊಡೆದುಹಾಕಿದ. ‘ಇದೆಂಥದು, ಭಾಗವತರ ಶ್ರುತಿಪೆಟ್ಟಿಗೆಯೋ?’ ಅಂತ.

ಕೊನೆಯದು ಕೇವಲ ಕುತೂಹಲಕ್ಕೆ. ಅಕ್ಕಿಯನ್ನು ನೀರಲ್ಲಿ ಆಡಿಸಿ ಕಲ್ಲು ಬೇರೆ ಮಾಡುವುದಕ್ಕೆ ‘ಗಾಳಿಸು’ ಎನ್ನುತ್ತೇವಲ್ಲ, ಮರಾಠಿಯಲ್ಲಿ ಸೋಸುವುದಕ್ಕೆ ‘ಗಾಳಣೆ’. ಬೀಸುವ ಗಾಳಿಗೂ ಈ ‘ಗಾಳಿಸು’ಗೂ ನಂಟಿಲ್ಲ. ಆದರೂ ಏರ್ ಫಿಲ್ಟರ್ ಮಾಡುವ ಕೆಲಸಕ್ಕೆ ಇದಕ್ಕಿಂತ ಹೊಂದುವ ಪದ ನನಗೆ ಸಿಕ್ಕಿಲ್ಲ. ಚಹಾ ಸೋಸುತ್ತೇವೆ, ಹಿಟ್ಟು ಜರಡಿ ಹಿಡಿಯುತ್ತೇವೆ. ಗಾಳಿಯನ್ನು ಏನು ಮಾಡುತ್ತೇವೆ? ಹಳೇ ಬರಹಗಳಲ್ಲಿ ‘ಗಾಳಿಸು’ ನೀರು, ಅಕ್ಕಿ ಬಿಟ್ಟು ಬೇರೆ ವಸ್ತುವಿಗೆ ಬಳಕೆಯಾದದ್ದನ್ನು ಯಾರಾದರೂ ಕಂಡಿದ್ದೀರಾ?

ಅಂಕೋಲೆ, ಕುಮಟೆ, ಹೊನ್ನಾವರದ ಕಡೆಯವರು ‘ಅಮುಕು’ ಬಗ್ಗೆ ಮುಖ್ಯವಾಗಿ ಹೇಳಬೇಕು. ಅಲ್ಲಿಯೂ ಇದೇ ಅರ್ಥವೋ, ಬೇರೆಯೋ? ಹೊಸದಾಗಿ ಟಂಕಿಸಿದ ಪದ ಬೇಡ, ಬಾಯಲ್ಲಿ ಇರುವುದೇ ಬೇಕು. ಹಾಳೆಯನ್ನು ಮಳೆ ಹಿಡಿಯುವ ಮೊದಲು ಲ್ಯಾಮಿನೇಶನ್ನಿಗೆ ಕೊಡುವುದಿದೆ.