ಡಿಡಿಆರ್ ಚಿಪ್‌ನ್ಯಾಗ ಡಿಎಲ್‌ಎಲ್ ಇದ್ದಮ್ಯಾಲ ಡ್ಯೂಟಿ ಸೈಕಲ್ ಕರೆಕ್ಷನ್ ಬ್ಯಾರೆ ಯಾಕ ಬೇಕು?

ಬೀದರ್_ಇಸಿ:
ಎಲ್ಲಾರಿಗೂ ನಮಸ್ಕಾರ್ರಿ. ಬೀದರ್‌ನ್ಯಾಗ ಇಸಿ ಫೈನಲ್ ಇಯರ್ ಓದ್ಲಿಕತ್ತೀನಿ, ಸೆಮಿನಾರಿಗೆ ಡಿರ್ಯಾಮ್ (ಡಿಡಿಆರ್‌ನಂಥ ಮೆಮೊರಿ ಚಿಪ್) ಒಳಗಿನ ಕ್ಲಾಕ್ ಕರೆಕ್ಷನ್ ಅಂತ ಟಾಪಿಕ್ ತಗೊಂಡೀನಿ. ಹೊರಗಿಂದ ಬರೋ ಕ್ಲಾಕಿಗೂ ಡಾಟಾ ಯಾವಾಗ ಓದಬೇಕು ಅಂತ ತೋರ್ಸಲಿಕ್ಕೆ ಚಿಪ್ ಹೊರಗ ಬಿಡೋ ಡಿಕ್ಯೂಎಸ್ ಸ್ಟ್ರೋಬಿಗೂ ಎಡ್ಜ್ ಕೂಡಿಸೋದು ಡಿಎಲ್‌ಎಲ್ (ಡಿಲೇ ಲಾಕ್ಡ್ ಲೂಪ್) ಕೆಲಸ, ಅಷ್ಟು ತಿಳೀತು. ಮತ್ತ ಬಾಜೂಕ ಡ್ಯೂಟಿ ಸೈಕಲ್ ತಿದ್ದೋ ಡಿಸಿಸಿ ಅಂತ ಇನ್ನೊಂದು ಬ್ಲಾಕ್ ಯಾಕ ಇಡ್ತಾರ? ಗೈಡ್ ಸರ್ ಅಂತಾರ ಅದು ಡಿಎಲ್‌ಎಲ್‌ದೇ ಭಾಗ, ಅದಕ್ಕ ಬ್ಯಾರೆ ಸ್ಲೈಡ್ ಬ್ಯಾಡ ಅಂತ. ನನಗ ಯಾಕೋ ಒಪ್ಪಿಗಿ ಆಗವಲ್ದು.

ಶಹಾಪುರ_ಕಾಲುವಿ:
ತಮ್ಮಾ, ಲೆಕ್ಕ ಹಾಕಿ ನೋಡು. ಡಿಡಿಆರ್4 3200 ಅಂದ್ರ ಕ್ಲಾಕ್ 1600 ಮೆಗಾಹರ್ಟ್ಸ್, ಒಂದು ಸುತ್ತಿಗೆ 625 ಪಿಕೋಸೆಕೆಂಡ್. ಏರೋ ಎಡ್ಜಿಗೆ ಒಂದು ಬಿಟ್, ಇಳಿಯೋ ಎಡ್ಜಿಗೆ ಒಂದು ಬಿಟ್, ಅಂದ್ರ ಒಂದೊಂದಕ್ಕ 312.5. ಈಗ ಡ್ಯೂಟಿ, ಅಂದ್ರ ಒಂದು ಸುತ್ತಿನ್ಯಾಗ ಕ್ಲಾಕ್ ಮ್ಯಾಲ ಇರೋ ಪಾಲು, 50 ಬದ್ಲಿ 45 ಪರ್ಸೆಂಟ್ ಆಯ್ತು ಅನ್ಕೋ, ಒಂದು ಬಿಟ್ಟಿಗೆ 281 ಸಿಕ್ತು, ಮುಂದಿಂದಕ್ಕ 344. ನಮ್ಮ ಕಡಿ ಕಾಲುವಿ ನೀರು ಪಾಳಿ ಮ್ಯಾಲ ಬಿಡ್ತಾರಲ್ಲ, ಪಾಳಿ ಸುರು ಆಗೋ ಹೊತ್ತು ಬರೋಬರಿ ಇದ್ರೂ ನಡುವಿನ ಗೇಟ್ ಮುಂಚೇನೇ ತಿರುಗಿಸಿದ್ರ ಒಟ್ಟು ನೀರು ಅಷ್ಟೇ ಇರ್ತದ, ಮೊದಲನೇ ಹೊಲದವನ ಪಾಲು ಮಾತ್ರ ಕಡಿಮಿ. ಡಿಎಲ್‌ಎಲ್ ಕಾಯೋದು ಏರೋ ಎಡ್ಜ್ ಒಂದನ್ನೇ. ನಡುವಿನ ಎಡ್ಜ್ ಎಲ್ಲಿ ಬೀಳ್ತದ ಅಂತ ಅದು ನೋಡಂಗಿಲ್ಲ.

ಹೊರಗಿಂದ ಬರೋ ಕ್ಲಾಕಿಗೇ ಡಿಡಿಆರ್4 ಸ್ಪೆಕ್ ಸರಾಸರಿ 48ರಿಂದ 52 ಪರ್ಸೆಂಟ್ ಅಂತ ಹದ್ದು ಹಾಕ್ಯಾದ. ಒಳಗ ಬಂದಮ್ಯಾಲ ಕೆಡೋದು ಬ್ಯಾರೆ.

ಸೂಪರ್‌ಮಾರ್ಕೆಟ್_ಸರ್ವಿಸ್:
ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಕಂಪ್ಯೂಟರ್ ರಿಪೇರಿ ಅಂಗಡಿ ನಂದು, ದಿನಾ ರ್ಯಾಮ್ ನೋಡಾಂವ ನಾ. ಇಷ್ಟೆಲ್ಲಾ ಚಿಪ್ ಒಳಗ ತುಂಬೋ ಜರೂರತ್ತೇ ಇಲ್ರಿ. ಬೋರ್ಡ್ ಆನ್ ಆದಾಗ ಮೆಮೊರಿ ಟ್ರೇನಿಂಗ್ ನಡೀತದ, ಪ್ರೊಸೆಸರ್ ಕಡಿ ಇರೋ ಮೆಮೊರಿ ಕಂಟ್ರೋಲರ್ ತಾನೇ ಸ್ಟ್ರೋಬ್ ಹಿಂದಮುಂದ ಸರಿಸಿ ಜಾಗ ಹುಡುಕ್ತದ. ಡಿಡಿಆರ್5 ಸ್ಟ್ಯಾಂಡರ್ಡ್ 2020ರಾಗ ಬಂತಲ್ಲ, ಅದರಾಗ ಡ್ಯೂಟಿ ಸೈಕಲ್ ಅಡ್ಜಸ್ಟರ್ ಅಂತ ಮೋಡ್ ರಿಜಿಸ್ಟರ್ ಇಟ್ಟು ಕಂಟ್ರೋಲರ್ ಕೈಗೇ ಕೊಟ್ಟಾರ. ಮೊಬೈಲಿನ ಎಲ್‌ಪಿಡಿಡಿಆರ್4ದಾಗಂತೂ ಡಿಎಲ್‌ಎಲ್ಲೇ ಇಲ್ಲ, ಕರೆಂಟ್ ಉಳಿಸ್ಲಿಕ್ಕೆ ತಗದೇ ಬಿಟ್ಟಾರ, ಫೋನ್ ನಡೀಲಿಕತ್ತಿಲ್ಲೇನು?

ಭೀಮಾ_ವಿಎಲ್‌ಎಸ್‌ಐ:
ಅಣ್ಣಾರ, ಟ್ರೇನಿಂಗ್ ಮಾತು ಖರೆ, ಆದ್ರ ಎರಡು ಬ್ಯಾರೆ ಬ್ಯಾರೆ ತೊಂದರಿ ಒಂದೇ ಗಂಟಿನ್ಯಾಗ ಕಟ್ಟಿದ್ರಿ. ನಾ ಆಳಂದ ಕಡಿಯಾಕಿ, ಬೆಂಗಳೂರಿನ್ಯಾಗ ಇದೇ ಸರ್ಕ್ಯೂಟ್ ಡಿಸೈನ್ ಮಾಡ್ತೀನಿ.

ಎಲ್‌ಪಿಡಿಡಿಆರ್4ದಾಗ ಕ್ಲಾಕಿಂದ ಸ್ಟ್ರೋಬ್ ಬರೋತನಕ ತಡ 1.5ರಿಂದ 3.5 ನ್ಯಾನೋಸೆಕೆಂಡ್ ಎಲ್ಲಿ ಬೇಕಾದ್ರೂ ಇರಬಹುದು. ಅದು ನಡೀತದ, ಯಾಕಂದ್ರ ಎಲ್ಲಾ ಎಡ್ಜ್ ಒಟ್ಟಿಗೇ ಸರಿದಿರ್ತಾವ, ಕಂಟ್ರೋಲರ್ ಎಷ್ಟು ಸರಿದದ ಅಂತ ಕಂಡು ಹಿಡಿದ್ರ ಸಾಕು. ಡ್ಯೂಟಿ ಹಂಗಲ್ಲ. ಸ್ಟ್ರೋಬೇ ಸೊಟ್ಟ ಇದ್ರ ಅದನ್ನ ಎಡಕ್ಕ ಸರಿಸಿದ್ರ ಒಂದು ಬಿಟ್ ಉಳೀತದ ಇನ್ನೊಂದು ಸಾಯ್ತದ, ಬಲಕ್ಕ ಸರಿಸಿದ್ರ ಉಲ್ಟಾ. ಅದಕ್ಕೇ ನೋಡ್ರಿ, ಎಲ್‌ಪಿಡಿಡಿಆರ್5ದಾಗೂ ಡಿಎಲ್‌ಎಲ್ ಇಲ್ಲ, ಆದ್ರ ಡಬ್ಲ್ಯೂಸಿಕೆ ಅನ್ನೋ ಅದರ ಡಾಟಾ ಕ್ಲಾಕಿಗೆ ಡ್ಯೂಟಿ ಸೈಕಲ್ ಮಾನಿಟರ್ ಅದ, ಅಡ್ಜಸ್ಟರೂ ಅದ. ಡಿಎಲ್‌ಎಲ್ ತಗದವ್ರು ಡ್ಯೂಟಿ ಕರೆಕ್ಷನ್ ತಗೀಲಿಲ್ಲ. ಬೀದರ್ ತಮ್ಮಾ, ನಿಮ್ಮ ಗೈಡ್ ಸರ್‌ಗೆ ಇದೊಂದೇ ತೋರಿಸು.

ಸೂಪರ್‌ಮಾರ್ಕೆಟ್_ಸರ್ವಿಸ್:
ಏರೋ ಎಡ್ಜಿಗೊಂದು ಇಳಿಯೋ ಎಡ್ಜಿಗೊಂದು ಬ್ಯಾರೆ ಡಿಲೇ ಕಂಟ್ರೋಲರ್‌ನ್ಯಾಗೇ ಇಟ್ರ ಮುಗೀತಲ್ರಿ ಅಕ್ಕಾರ?

ಶಹಾಪುರ_ಕಾಲುವಿ:
ಇಡಬಹುದು, ಸ್ಯಾಂಪಲ್ ಮಾಡೋ ಜಾಗ ನಡುವಕ್ಕ ಬರ್ತದ. ಆದ್ರ 281 ಇದ್ದ ಕಿಂಡಿ 312 ಆಗಂಗಿಲ್ಲ.

ಬೀದರ್_ಇಸಿ:
ಮೇಡಂ, ಒಳಗ ಬಂದಮ್ಯಾಲ ಯಾಕ ಕೆಡ್ತದ, ಮತ್ತ ಡಿಸಿಸಿ ಅದನ್ನ ಹ್ಯಾಂಗ ಅಳೀತದ?

ಭೀಮಾ_ವಿಎಲ್‌ಎಸ್‌ಐ:
ಕ್ಲಾಕ್ ಒಳಗ ಬಂದು ಬಫರ್ ಮ್ಯಾಲ ಬಫರ್ ದಾಟಿ ಹೋಗ್ತದ. ಬಫರಿನ್ಯಾಗ ಮ್ಯಾಲಕ್ಕ ಎಳೆಯೋ ಪಿಮಾಸ್, ಕೆಳಗ ಎಳೆಯೋ ಎನ್‌ಮಾಸ್ ಟ್ರಾನ್ಸಿಸ್ಟರ್ ಎರಡರ ತಾಕತ್ತು ಪೂರಾ ಸಮ ಇರಂಗಿಲ್ಲ, ಅದಕ್ಕ ಏರೋದಕ್ಕ ಒಂದು ತಡ ಇಳಿಯೋದಕ್ಕ ಇನ್ನೊಂದು ತಡ, ಒಂದೊಂದು ಹಂತದಾಗ ಸಣ್ಣದು ಕೂಡಿ ಕೂಡಿ ದೊಡ್ಡದಾಗ್ತದ. ವೋಲ್ಟೇಜ್, ಬಿಸಿ ಬದಲಾದ್ರ ಅದೂ ಬದಲಾಗ್ತದ, ವರ್ಷ ಹೋದಂಗ ಪಿಮಾಸ್ ಸವೆದು ಇನ್ನಷ್ಟು.

ಅಳಿಯೋದು ಹಿಂಗ: ಕ್ಲಾಕ್, ಅದರ ಉಲ್ಟಾ ಕ್ಲಾಕ್ ಎರಡನ್ನೂ ಫಿಲ್ಟರ್ ಮಾಡಿ ಸರಾಸರಿ ವೋಲ್ಟೇಜ್ ತಗಿತಾರ. ಡ್ಯೂಟಿ 50 ಇದ್ರ ಎರಡೂ ಸಮ. ಇಲ್ಲಂದ್ರ ಕಂಪ್ಯಾರೇಟರ್ ಯಾವುದು ಹೆಚ್ಚು ಅಂತ ಹೇಳ್ತದ, ಕೌಂಟರ್ ಒಂದು ಹೆಜ್ಜಿ ಏರ್ತದ ಇಲ್ಲಾ ಇಳೀತದ, ಆ ಕೋಡ್ ಪ್ರಕಾರ ಬಫರಿನ ಎಳೆಯೋ ಜೋರು ಬದಲಾಗ್ತದ. ಅನಲಾಗ್ ಇದ್ರ ಚಾರ್ಜ್ ಪಂಪ್ ಕೆಪಾಸಿಟರ್ ಮ್ಯಾಲ ವೋಲ್ಟೇಜ್ ಹಿಡಿದಿಡ್ತದ, ಸೂಕ್ಷ್ಮ ಭಾಳ ಛಲೋ, ಆದ್ರ ಪವರ್ ಡೌನ್‌ದಾಗ ಅದು ಸೋರಿ ಹೋಗಿ ಎದ್ದ ಕೂಡ್ಲೇ ಮತ್ತ ಮೊದಲಿಂದ ಹುಡುಕಬೇಕು. ಮೆಮೊರಿ ಹೊತ್ತಿಗೊಮ್ಮೆ ಮಲಗಿ ಏಳ್ತದಲ್ಲ, ನಾ ಡಿಜಿಟಲ್ ಕಡೀನೇ ನಿಲ್ತೀನಿ. ಮತ್ತ ಎಲ್ಲಾರೂ ಮರೆಯೋದು ಒಂದದ, ಕಂಪ್ಯಾರೇಟರಿಗೇ ಆಫ್‌ಸೆಟ್ ಇದ್ರ ಲೂಪ್ ತಪ್ಪು ಜಾಗದಾಗ ಆರಾಮ ಲಾಕ್ ಆಗಿ ಕೂತಿರ್ತದ. ಅದಕ್ಕ ಎರಡು ಇನ್‌ಪುಟ್ ಅದಲುಬದಲು ಮಾಡಿ ಎರಡು ಸಲ ಅಳೆದು ಆಫ್‌ಸೆಟ್ ಕಳೀಬೇಕು.

ಸೂಪರ್‌ಮಾರ್ಕೆಟ್_ಸರ್ವಿಸ್:
ಬಿಸಿ ಅಂದ್ರಿ ನೋಡ್ರಿ, ಅದು ನನ್ನ ಅನುಭವದ ಮಾತು. ಮೇ ತಿಂಗಳದಾಗ ನಮ್ಮ ಊರು 40 ದಾಟ್ತದ, ಮುಂಜಾನಿ ಸುಮ್ನ ಬೂಟ್ ಆದ ಸಿಸ್ಟಮ್ ಮಧ್ಯಾಹ್ನ ಹ್ಯಾಂಗ್ ಆಗಿ ಬರ್ತಾವ. ಎಕ್ಸ್‌ಎಂಪಿ (ರ್ಯಾಮ್ ಜೋರು ಓಡಿಸೋ ಸೆಟ್ಟಿಂಗ್) ತಗದು 3200ರಿಂದ 2666ಕ್ಕ ಇಳಿಸಿದ್ರ ಮೆಮ್‌ಟೆಸ್ಟ್ ಕ್ಲೀನ್. ಇದು ಕ್ಲಾಕ್ ಡ್ಯೂಟೀನೇ ಅಲ್ಲೇನು?

ಶಹಾಪುರ_ಕಾಲುವಿ:
ಅಷ್ಟರಿಂದ ಡ್ಯೂಟಿ ಅಂತ ಹೇಳ್ಲಿಕ್ಕೆ ಬರಂಗಿಲ್ಲ ಅಣ್ಣಾ. 2666ರಾಗ ಅರ್ಧ ಸುತ್ತು 375 ಪಿಕೋಸೆಕೆಂಡ್ ಆಗ್ತದ, ಅಂದ್ರ ಜಿಟರ್ (ಎಡ್ಜಿನ ಅಲುಗಾಟ) ಇರ್ಲಿ ಡ್ಯೂಟಿ ಇರ್ಲಿ ಬೋರ್ಡಿನ ಸಿಗ್ನಲ್ ಇರ್ಲಿ ಎಲ್ಲಾದಕ್ಕೂ ಜಾಗ ಸಿಗ್ತದ. ಬಿಸಿಗೆ ಸೆಲ್ ಒಳಗಿನ ಚಾರ್ಜೂ ಬೇಗ ಸೋರ್ತದ, ಅದಕ್ಕೇ ಚಿಪ್ 85 ಡಿಗ್ರಿ ದಾಟಿದ್ರ ರಿಫ್ರೆಶ್ 7.8 ಮೈಕ್ರೋಸೆಕೆಂಡಿಗೊಮ್ಮೆ ಇದ್ದದ್ದು 3.9ಕ್ಕ ಬರ್ತದ. ಅದೇ ಬಿಸಿಯಾಗ ಕ್ಲಾಕ್ ಇಳಿಸಿದ್ರೂ ಅದೇ ವಿಳಾಸದಾಗ ಎರರ್ ಬಂದ್ರ ಸೆಲ್ ಮ್ಯಾಲ ಅನುಮಾನ ಪಡ್ರಿ, ಹೋದ್ರ ಟೈಮಿಂಗ್ ಮ್ಯಾಲ.

ಬೀದರ್_ಇಸಿ:
ಕಡೀ ಪ್ರಶ್ನಿ ಮೇಡಂ, ಡಿಸಿಸಿ ಡಿಎಲ್‌ಎಲ್‌ಗಿಂತ ಮೊದಲ ಇಡಬೇಕೋ ಆಮ್ಯಾಲೋ?

ಭೀಮಾ_ವಿಎಲ್‌ಎಸ್‌ಐ:
ಮೊದಲ ಇಟ್ರ ಡಿಎಲ್‌ಎಲ್ ಒಳಗಿನ ಡಿಲೇ ಲೈನ್ ತಾನು ಕೆಡಿಸಿದ್ದನ್ನ ಯಾರೂ ತಿದ್ದಂಗಿಲ್ಲ, ಅದಕ್ಕ ನಾ ಆಮ್ಯಾಲ ಇಡ್ತೀನಿ, ಔಟ್‌ಪುಟ್ ಸನಿ. ಆದ್ರ ಡಿಸಿಸಿ ಏರೋ ಎಡ್ಜೂ ಸರಿಸಿದ್ರ ಡಿಎಲ್‌ಎಲ್ ಅದನ್ನ ವಾಪಸ್ ಎಳೀತದ, ಎರಡೂ ಒಂದರ ಹಿಂದ ಒಂದು ಓಡ್ತಾವ. ಇಳಿಯೋ ಎಡ್ಜ್ ಒಂದನ್ನೇ ಮುಟ್ಟಂಗ ಮಾಡಬೇಕು, ಇಲ್ಲಾ ಡಿಎಲ್‌ಎಲ್ ಲಾಕ್ ಆದಮ್ಯಾಲ ಡಿಸಿಸಿ ನಿಧಾನ ನಡೀಬೇಕು.

ಸೂಪರ್‌ಮಾರ್ಕೆಟ್_ಸರ್ವಿಸ್:
ಹಂಗಾದ್ರ ಡಿಡಿಆರ್5ದಾಗ ಅಡ್ಜಸ್ಟರ್ ಕಂಟ್ರೋಲರ್ ಕೈಗೆ ಕೊಟ್ಟದ್ದು ಯಾಕ?

ಭೀಮಾ_ವಿಎಲ್‌ಎಸ್‌ಐ:
ಬೋರ್ಡ್ ದಾಟಿ ಬಂದಮ್ಯಾಲ ಸ್ಟ್ರೋಬ್ ಎಷ್ಟು ಸೊಟ್ಟ ಅದ ಅಂತ ಕಾಣೋದು ಕಂಟ್ರೋಲರಿಗೆ ಮಾತ್ರ. ಅಳಿಯೋದು ಅಲ್ಲಿ, ತಿದ್ದೋ ಸರ್ಕ್ಯೂಟ್ ಇನ್ನೂ ಚಿಪ್ ಒಳಗೇ ಅದ ಅಣ್ಣಾರ.