ಎಸ್‌ಎನ್‌ಸಿಯು (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಒಳಗಿರುವ ಕೂಸನ್ನು ಮನೆಯವರು ಎತ್ತಿಕೊಳ್ಳಬಹುದಾ?

ಪ್ರಶ್ನೆ (ಒಬ್ಬ ತಂದೆ, ಗದಗ ಜಿಲ್ಲೆ):
ನಮಸ್ಕಾರ ಸಿಸ್ಟರ್. ನಮ್ಮ ಮನಿಯವರಿಗೆ ಏಳೂವರೆ ತಿಂಗಳಿಗೇ ಹೆರಿಗಿ ಆತು. ಕೂಸು 1.6 ಕೆಜಿ ಐತಿ, ಎಸ್‌ಎನ್‌ಸಿಯುದಾಗ ಇಟ್ಟಾರ. ಉಸಿರಾಟ ಈಗ ಸರಿ ಐತಿ ಅಂದಾರ, ಹಾಲು ಇನ್ನೂ ನಳಿಗಿಯಿಂದ ಕೊಡಾಕತ್ತಾರ. ಇವತ್ತು ಅಲ್ಲಿನ ಸಿಸ್ಟರ್ ‘ತಾಯಿ ಒಳಗ ಬಂದು ಕೂಸನ್ನ ಎದಿ ಮ್ಯಾಲೆ ಹಾಕ್ಕೊಂಡು ಕೂಡಬೇಕು, ಇದಕ್ಕ ಕಾಂಗರೂ ಆರೈಕೆ ಅಂತಾರ’ ಅಂದ್ರು. ನಮ್ಮವ್ವ ಒಪ್ಪವಲ್ಲಳು. ಹಸಿ ಬಾಣಂತಿಗೆ ಏಸಿ ರೂಮಿನಾಗ ಥಂಡಿ ಹತ್ತತೈತಿ, ಹೊರಗಿನ ಹೊಲಸು ಕೂಸಿಗೆ ಹತ್ತತೈತಿ, ಪೆಟ್ಟಿಗಿಯೊಳಗ ಇರೂದ ಛಲೋ ಅಂತಾಳ. ಏನ್ ಮಾಡ್ಲಿ?

ಉತ್ತರ (ನವಜಾತ ಶಿಶು ವಿಭಾಗದ ನರ್ಸಿಂಗ್ ಆಫೀಸರ್):
ಅಣ್ಣಾ, ಕೂಡಿಸಿ. ಅಲ್ಲಿನವರೇ ಕರೆಯುತ್ತಿದ್ದಾರೆ ಅಂದರೆ ಕೂಸು ಅದಕ್ಕೆ ತಯಾರಾಗಿದೆ, ಇವತ್ತೇ ಶುರು ಮಾಡಿ. ಇದನ್ನು ಚಿಕಿತ್ಸೆ ಅಂತಲೇ ತಿಳಿಯಿರಿ. ನಾವು ಡ್ರಿಪ್ ಹಾಕುವುದು, ಔಷಧಿ ಕೊಡುವುದು ಎಷ್ಟು ಮುಖ್ಯವೋ ತಾಯಿಯ ಎದೆ ಅಷ್ಟೇ ಮುಖ್ಯ.

ಅಮ್ಮನವರ ಭಯಕ್ಕೆ ಕಾರಣವಿದೆ, ಅವರನ್ನು ಬೈಯಬೇಡಿ. ಆದರೆ ಒಂದು ವಿಷಯ ಹೇಳಿ: ಕೂಸುಗಳಿಗೆ ತಣ್ಣಗಾಗಬಾರದು ಅಂತ ಆ ರೂಮನ್ನು 26ರಿಂದ 28 ಡಿಗ್ರಿಯಲ್ಲಿ ಇಡುತ್ತಾರೆ. ವಾರ್ಡಿಗಿಂತ ಅಲ್ಲೇ ಬೆಚ್ಚಗಿರುತ್ತದೆ. ಬಾಣಂತಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಕಾಲಿಗೆ ಸಾಕ್ಸ್ ಹಾಕಿಕೊಂಡು ಕೂತರೆ ಯಾರೂ ಬೇಡ ಅನ್ನುವುದಿಲ್ಲ.

ಇನ್ನು ಸೋಂಕು. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾದ ಐದು ಆಸ್ಪತ್ರೆಗಳಲ್ಲಿ 1ರಿಂದ 1.8 ಕೆಜಿಯೊಳಗಿನ 3,211 ಕೂಸುಗಳ ಮೇಲೆ ಮಾಡಿದ ಅಧ್ಯಯನ 2021ರಲ್ಲಿ ಬಂತು. ನಮ್ಮ ದೇಶದಿಂದ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಅದರಲ್ಲಿತ್ತು. ಆರೋಗ್ಯ ಸ್ಥಿರವಾಗುವ ತನಕ ಕಾದು ಎದೆಗೆ ಹಾಕಿದ ಕೂಸುಗಳಲ್ಲಿ 28 ದಿನದೊಳಗೆ ತೀರಿಕೊಂಡವು ನೂರಕ್ಕೆ ಸುಮಾರು 16. ಹುಟ್ಟಿದ ಕೂಡಲೇ ಹಾಕಿದವುಗಳಲ್ಲಿ ನೂರಕ್ಕೆ 12. ಸೋಂಕಿನ ಶಂಕೆ ಕೂಡ ಕೂಡಲೇ ಹಾಕಿದವುಗಳಲ್ಲೇ ಕಡಿಮೆ ಇತ್ತು. ತಾಯಿ ಮೈಮೇಲಿರುವ ಸೂಕ್ಷ್ಮಜೀವಿಗಳು ಕೂಸಿಗೆ ಸೇರಬೇಕಾದವೇ. ಆಸ್ಪತ್ರೆಯಲ್ಲಿ ಒಂದು ಕೂಸಿನಿಂದ ಇನ್ನೊಂದಕ್ಕೆ ದಾಟುವವು ನಮಗೆ ಹೆಚ್ಚು ಭಯ. ಆದ್ದರಿಂದಲೇ ಕೈ ತೊಳೆಯುವ ವಿಷಯದಲ್ಲಿ ಸಿಸ್ಟರ್‌ಗಳು ಅಷ್ಟು ಕಟ್ಟುನಿಟ್ಟು. ಬಳೆ, ಉಂಗುರ, ವಾಚು ತೆಗೆದು ಮೊಣಕೈ ತನಕ ಸೋಪಿನಿಂದ ತೊಳೆಯಬೇಕು. ಸೀಮಂತದ ಹಸಿರು ಬಳೆ ತೆಗೆಯುವುದು ಹಿರಿಯರಿಗೆ ಸಂಕಟ, ನನಗೂ ಅರ್ಥವಾಗುತ್ತದೆ. ಡಬ್ಬಿಯಲ್ಲಿ ಜೋಪಾನವಾಗಿಟ್ಟು, ಮನೆಗೆ ಹೊರಡುವ ದಿನ ಅಮ್ಮನವರ ಕೈಯಿಂದಲೇ ತೊಡಿಸಿ.

ಕೂಸಿಗೆ ಟೋಪಿ, ಸಾಕ್ಸ್, ಲಂಗೋಟಿ ಮಾತ್ರ. ನೆಟ್ಟಗೆ ಎದೆಯ ನಡುವೆ, ಮುಖ ಒಂದು ಬದಿಗೆ, ಕುತ್ತಿಗೆ ಮುಂದಕ್ಕೆ ಮಡಚಬಾರದು, ಮೂಗು ಕಾಣುತ್ತಿರಬೇಕು. ಮೇಲೆ ಬಟ್ಟೆಯ ಕಟ್ಟು. ಒಂದು ಸಲ ಕೂತರೆ ಕನಿಷ್ಠ ಒಂದು ಗಂಟೆ ಏಳಬಾರದು, ಹತ್ತು ನಿಮಿಷಕ್ಕೊಮ್ಮೆ ಎತ್ತಿ ಇಳಿಸಿದರೆ ಕೂಸಿಗೆ ಅದೇ ದಣಿವು. ದಿನಕ್ಕೆ ಒಟ್ಟು 8 ಗಂಟೆಗಿಂತ ಹೆಚ್ಚು ಸಿಕ್ಕರೆ ಒಳ್ಳೆಯದು.

ಪಕ್ಕದ ಕೊಪ್ಪಳ ಜಿಲ್ಲೆಯಲ್ಲೇ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರದ ಜೊತೆ ಸೇರಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೂ ನಡೆಸಿದ್ದಾರೆ. ಅಮ್ಮನವರಿಗೆ ಅದನ್ನೂ ಹೇಳಿ. ಹತ್ತಿರದ ಊರಿನ ಮಾತು ಬೇಗ ಮನಸ್ಸಿಗೆ ಹೋಗುತ್ತದೆ.

ಅದೇ ತಂದೆ:
ಆಕಿಗೆ ಸಿಜೇರಿಯನ್ ಆಗೈತಿ, ಅಷ್ಟೊತ್ತು ಕೂಡಾಕ ಆಗಂಗಿಲ್ಲ. ನಾನು ಕೂಡಬಹುದಾ?

ಉತ್ತರ:
ಖಂಡಿತ. ತಂದೆ ಎದೆಯೂ ಅಷ್ಟೇ ಬೆಚ್ಚಗೆ. ಸ್ನಾನ ಮಾಡಿ, ಮುಂದೆ ಗುಂಡಿ ಇರುವ ಅಂಗಿ ಹಾಕಿಕೊಂಡು ಹೋಗಿ. ಕೆಮ್ಮು, ಜ್ವರ, ಚರ್ಮದ ಗಾಯ ಇದ್ದರೆ ಬೇಡ. ಅಮ್ಮನವರೂ ಕೂಡಬಹುದು! ಒಂದು ಸಲ ಅವರ ಎದೆ ಮೇಲೆ ಕೂಸು ಮಲಗಲಿ, ವಾದವೇ ಉಳಿಯುವುದಿಲ್ಲ. ಆ ಹೊತ್ತಲ್ಲಿ ತಾಯಿ ಮಲಗಲಿ, ಎದೆಹಾಲು ಹಿಂಡಿ ಕೊಡಲಿ. ನಳಿಗೆ ತೆಗೆದ ಮೇಲೆ ಒಳಲೆಯಲ್ಲಿ ಕುಡಿಸುವುದನ್ನು ಸಿಸ್ಟರ್ ಕಲಿಸುತ್ತಾರೆ. ಆಗ ಅಮ್ಮನವರ ಕೈ ನಮಗಿಂತ ಚೆನ್ನಾಗಿ ನಡೆಯುತ್ತದೆ ನೋಡಿ.

ಪ್ರಶ್ನೆ (ಒಬ್ಬ ತಾಯಿ, ಬೆಂಗಳೂರು):
ಮೇಡಂ, ನಮ್ಮ ಮಗು ಇರೋ ಖಾಸಗಿ ಆಸ್ಪತ್ರೆಯಲ್ಲಿ ದಿನಕ್ಕೆ ಹತ್ತು ನಿಮಿಷ, ಅದೂ ಗಾಜಿನ ಆಚೆಯಿಂದ. ಜಗಳ ಮಾಡೋಕೆ ಭಯ, ಮಗು ಅವರ ಕೈಯಲ್ಲಿದೆ ಅಲ್ವಾ.

ಉತ್ತರ:
ಅಮ್ಮಾ, ಈ ಭಯ ಎಷ್ಟೋ ತಾಯಂದಿರಲ್ಲಿ ಕಂಡಿದ್ದೇನೆ. ಜಗಳ ಬೇಡ, ಆದರೆ ಕೇಳುವುದನ್ನು ಬಿಡಬೇಡಿ. ‘ನನ್ನನ್ನು ಒಳಗೆ ಬಿಡಿ’ ಅಂದರೆ ‘ರೂಲ್ಸ್ ಇಲ್ಲ’ ಅಂತಾರೆ. ‘ಕಾಂಗರೂ ಆರೈಕೆ ಯಾವಾಗ ಶುರು ಮಾಡಬಹುದು ಡಾಕ್ಟ್ರೇ, ಈಗ ಆಗದಿದ್ದರೆ ಯಾವ ಕಾರಣಕ್ಕೆ?’ ಅಂತ ಕೇಳಿ. ಕಾರಣ ಕೇಳಿದಾಗ ಉತ್ತರ ಕೊಡಲೇಬೇಕಾಗುತ್ತದೆ. ಕೆಲವೊಮ್ಮೆ ನಿಜವಾದ ಕಾರಣವೂ ಇರುತ್ತದೆ. ಇವತ್ತಿನ ತೂಕ, ಎಷ್ಟು ಎಂಎಲ್ ಹಾಲು, ಔಷಧಿಯಲ್ಲಿ ಏನು ಬದಲಾಯಿತು, ಇಷ್ಟನ್ನು ರೌಂಡ್ಸ್ ಹೊತ್ತಲ್ಲಿ ಕೇಳಿ ಪುಸ್ತಕದಲ್ಲಿ ಬರೆದಿಡಿ.

ಪೋಷಕರನ್ನು ಆರೈಕೆಯಲ್ಲಿ ಸೇರಿಸಿಕೊಳ್ಳಬೇಕು ಅಂತ ಕೇಂದ್ರ ಸರ್ಕಾರ 2017ರಲ್ಲೇ ಮಾರ್ಗಸೂಚಿ ತಂದಿದೆ. ದೆಹಲಿಯ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆಯಲ್ಲಿ ಮನೆಯವರಿಗೆ ತರಬೇತಿ ಕೊಟ್ಟು ಒಳಗೆ ಬಿಟ್ಟು ನೋಡಿದ್ದರು. ಸೋಂಕು ಹೆಚ್ಚಲಿಲ್ಲ, ಎದೆಹಾಲು ಮಾತ್ರ ಕುಡಿದು ಮನೆಗೆ ಹೋದ ಮಕ್ಕಳು ಹೆಚ್ಚಾದರು. ಇದೆಲ್ಲ ಶ್ರೀಮಂತರ ಸೌಕರ್ಯ ಅಂತ ತಿಳಿಯುವವರಿದ್ದಾರೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಕಾಂಗರೂ ಆರೈಕೆ ಹುಟ್ಟಿದ್ದೇ ಇನ್‌ಕ್ಯುಬೇಟರ್ ಸಾಲದೆ. ಮರುವರ್ಷ ಎಸ್ಟೋನಿಯಾದ ತಾಲಿನ್‌ನಲ್ಲಿ ತಾಯಂದಿರ ಕೈಗೆ ಕೂಸುಗಳ ಆರೈಕೆ ಬಂದದ್ದು ನರ್ಸ್‌ಗಳು ಸಾಲದೆ. ಕಡಿಮೆ ಇದ್ದ ಕಡೆಯೇ ಇದು ಬೆಳೆದದ್ದು.

ಪ್ರಶ್ನೆ (ಒಬ್ಬ ತಂದೆ, ಶಿವಮೊಗ್ಗ):
ನಮ್ಮ ನಾಲ್ಕು ವರ್ಷದ ಮಗಳಿಗೆ ಟಾನ್ಸಿಲ್ ಆಪರೇಷನ್ ಇದೆ. ಅವಳಿಗೆ ಮೊದಲೇ ಹೇಳೋದಾ, ಬೇಡವಾ?

ಉತ್ತರ:
ಒಂದೆರಡು ದಿನ ಮುಂಚೆ ಹೇಳಿ, ನಿಜವನ್ನೇ ಹೇಳಿ. ‘ಏನೂ ನೋವಾಗಲ್ಲ’ ಅನ್ನಬೇಡಿ. ‘ಗಂಟಲು ಸ್ವಲ್ಪ ದಿನ ನೋಯುತ್ತೆ, ಅದಕ್ಕೆ ಔಷಧಿ ಕೊಡ್ತಾರೆ, ನಾನು ಅಲ್ಲೇ ಇರ್ತೀನಿ’ ಅನ್ನಿ. ಗಲಾಟೆ ಮಾಡಿದರೆ ಡಾಕ್ಟರ್ ಸೂಜಿ ಚುಚ್ತಾರೆ ಅಂತ ಮನೆಯಲ್ಲಿ ಹೆದರಿಸುವ ರೂಢಿ ಇದ್ದರೆ ಇವತ್ತೇ ನಿಲ್ಲಿಸಿ. ಸೂಜಿ ಹಾಕುವಾಗ ಮಲಗಿಸಿ ಒತ್ತಿಹಿಡಿಯುವ ಬದಲು ನಿಮ್ಮ ತೊಡೆ ಮೇಲೆ ಕೂರಿಸಿಕೊಳ್ಳಲು ಸಿಸ್ಟರ್‌ ಹತ್ತಿರ ಕೇಳಿ. ಅರಿವಳಿಕೆ ಡಾಕ್ಟರ್ ಹಿಂದಿನ ದಿನ ನೋಡಲು ಬಂದಾಗ, ಅವಳು ನಿದ್ದೆ ಹೋಗುವವರೆಗೆ ಒಬ್ಬರು ಜೊತೆಗಿರಬಹುದಾ, ಎಚ್ಚರವಾಗುವಾಗ ಯಾರು ಪಕ್ಕದಲ್ಲಿರುತ್ತಾರೆ, ಎರಡನ್ನೂ ಕೇಳಿ. ಕೆಲವು ಕಡೆ ಬಿಡುತ್ತಾರೆ, ಕೆಲವು ಕಡೆ ಇಲ್ಲ. ಬಿಡದಿದ್ದರೆ ಅದನ್ನೂ ಮಗಳಿಗೆ ಮೊದಲೇ ಹೇಳಿಡಿ, ಯಾವ ಬಾಗಿಲ ತನಕ ಬರುತ್ತೀರಿ ಅಂತ. ಅವಳು ದಿನಾ ಹೊದ್ದು ಮಲಗುವ ಬಟ್ಟೆಯನ್ನು ಒಗೆದು ಚೀಲದಲ್ಲಿ ಇಟ್ಟುಕೊಂಡು ಹೋಗಿ.